ಮಹಜರು

ಮಾಜಾಳಿ ಗೇಟಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಮೂಗನ್ನು ಸರ್ಕಾರಕ್ಕೆ ಬಾಡಿಗೆಗೆ ಕೊಟ್ಟವನು ನಾನು.
ಮೀನುಬುಟ್ಟಿಯ ತಳದ ಬಾಟಲಿ, ಸ್ಟೆಪ್ನಿಯೊಳಗಿನ ಫೆನಿ,
ಸೀರೆಯಡಿ ಕಟ್ಟಿಕೊಂಡ ಒಂಬತ್ತು ತಿಂಗಳ ಗಾಜಿನ ಬಸಿರು,
ಎಲ್ಲ ಹಿಡಿದೆ. ಒಂದು ತೊಟ್ಟೂ ನಾಲಿಗೆಗೆ ಸೋಕಿಸಲಿಲ್ಲ.
ಸೋಕಿಸಿದ್ದರೆ ಹೇಳುತ್ತಿದ್ದೆ, ಪೆನ್ಷನ್ ಈಗ ಯಾರೂ ನಿಲ್ಲಿಸುವುದಿಲ್ಲ.

ಇವತ್ತು ಕೋಡಿಬಾಗದ ನನ್ನ ಜಗಲಿಗೆ
ಕ್ಲಾರೀಸಾ ಫುರ್ಟಾಡೊ ಬಂದಳು, ಪೋಳೆಂನಲ್ಲಿ ಬಿಯರು ಕುದಿಸುವವಳು.
ಒಂದೇ ಬಾಟಲಿ, ಕಾಲುಳ್ಳ ಒಂದು ಗ್ಲಾಸು, ಅಂಕ ಹಾಕುವ ಕಾಗದ.
"ಹತ್ತೂವರೆ ಪರ್ಸೆಂಟು, ಅಂಕಲ್.
ಹೊಗಳಬೇಡಿ. ಹಿಡಿಯಿರಿ."

ಬಣ್ಣ: ಬೈತಕೋಲದಲ್ಲಿ ಟ್ರಾಲರಿನ ಹೊಟ್ಟೆಯಿಂದ ಬಸಿದ ಆಯಿಲ್ಲಿನ ಕಪ್ಪು.
ಕಾಳಿ ಸೇತುವೆಯ ಕಡೆ, ಇಳಿಬಿಸಿಲಿಗೆ ಹಿಡಿದೆ.
ಅಂಚಿನಲ್ಲಷ್ಟೇ ಒಂದು ಕೆಂಪು ಗೆರೆ, ಮುರುಗಲ ಸಿಪ್ಪೆಯದು.
ನೊರೆ: ಕೊಪ್ಪರಿಗೆಯಲ್ಲಿ ಬೆಲ್ಲ ಉಕ್ಕುವಾಗಿನ ಕಂದು.
ಐವತ್ತೆಣಿಸುವುದರೊಳಗೆ ಕೂತಿತು. ಬರೆದೆ: ಬಾಳಿಕೆ ಸಾಲದು.

ವಾಸನೆಗೆ ಕಣ್ಣು ಮುಚ್ಚಿದೆ, ಡ್ಯೂಟಿಯಲ್ಲಿ ಮುಚ್ಚುತ್ತಿದ್ದಂತೆ.
ಮೊದಲು ಸೀದ ಕಾಫಿ. ಅದರ ಹಿಂದೆ ಒಲೆಯಲ್ಲಿ ಉರಿಯುವ ಕರಟ.
ಕರಟದ ಹಿಂದೆ ಕಾಕಂಬಿ, ಕೊನೇ ಸೀಟಿನಲ್ಲಿ ತಲೆ ಬಗ್ಗಿಸಿ ಕೂತ ಹಾಗೆ.
ಇನ್ನೂ ಕೆಳಗೆ, ಚೀಲಗಳ ಅಡಿಯಲ್ಲಿ,
ಗೇರುಹಣ್ಣು.

"ಗೇರು ಹಾಕಿದ್ದೀಯಾ?"
"ಇಲ್ಲ. ಅಪ್ಪನ ಫೆನಿಯ ಪೀಪಾಯಿಯಲ್ಲಿ ಎಂಟು ತಿಂಗಳು ಇಟ್ಟಿದ್ದೆ."

ಅಪ್ಪ. ಫುರ್ಟಾಡೊ.
ತೊಂಬತ್ತಾರರ ಏಪ್ರಿಲ್, ಕದಂಬ ಬಸ್ಸು,
ಸೈಕಲ್ ಟ್ಯೂಬನ್ನು ಸೊಂಟಕ್ಕೆ ಸುತ್ತಿಕೊಂಡ ಸಾಂತಾನ್.
ಬಾಗಿಲಿನಿಂದಲೇ ಹಿಡಿದಿದ್ದೆ.
ಮಗಳ ಮೊದಲ ಕಮ್ಯುನಿಯನ್ನಿಗೆ ಸಾಯ್ಬಾ, ಅಂದ.
ಎಲ್ಲರೂ ಏನಾದರೊಂದು ಅನ್ನುತ್ತಾರೆ.
ವಾಲ್ವು ಬಿಚ್ಚಿ ಮರಳಿಗೆ ಸುರಿಸುವಾಗ
ಉಸಿರನ್ನು ಒಳಕ್ಕೆ, ತೀರಾ ಒಳಕ್ಕೆ ಎಳೆದುಕೊಂಡೆ.
ಅದು ಯಾವ ಮಹಜರಿನಲ್ಲೂ ಇಲ್ಲ.

ರುಚಿ.
ಅರವತ್ತೆಂಟರಲ್ಲಿ ನನ್ನ ನಾಲಿಗೆ ಹೊಸದಾಗಿ ಸೇರಿದ ಪೇದೆ.
ಮೂಗು ಹೇಳಿದ್ದನ್ನೆಲ್ಲ ಕೇಳಿತು, ನಂಬದೆ ಮತ್ತೊಮ್ಮೆ ಕೇಳಿತು.
ಕಹಿ, ಕಹಿಯ ಬೆನ್ನಿಗೇ ಸಿಹಿ, ಆಮೇಲೆ ಎದೆಯಲ್ಲಿ ಬಿಸಿ
ಒಂದೊಂದೇ ಮೆಟ್ಟಿಲು ಇಳಿಯುತ್ತ, ಗೋಡೆ ಹಿಡಿದುಕೊಂಡು.
ಮೈ: ಗಂಜಿತಿಳಿಯಷ್ಟು ದಪ್ಪ.
ತಪ್ಪು: ಕೊನೆಗೊಂದು ಹುಳಿ ಒಸರು.
"ಪೀಪಾಯಿ ಸರಿಯಾಗಿ ತೊಳೆದಿಲ್ಲ ನೀನು."
"ತೊಳೆಯಲೇ ಇಲ್ಲ."

ಒಟ್ಟು ಐವತ್ತಕ್ಕೆ ಮೂವತ್ತೆಂಟು.
ನಲವತ್ತು ಕೇಳಿದಳು. ಕೊಡಲಿಲ್ಲ.
ತಳದಲ್ಲಿ ಉಳಿದ ಎರಡು ಬೆರಳು ಮಡ್ಡಿಯನ್ನು
ಕೈ ತಾನಾಗಿ ಅಂಗಳದ ಕಡೆ ಬಗ್ಗಿಸಿತು.
ಅವಳು ನೋಡುತ್ತಿದ್ದಳು.
ಬಾಟಲಿ ನೆಟ್ಟಗಾಯಿತು.

"ಪರ್ಮಿಟ್ಟು ಎಲ್ಲಿ?" ಅಂದೆ, ಗಂಟಲು ಸರಿಮಾಡಿಕೊಳ್ಳಲು.
"ಗೇಟಿನಲ್ಲಿ ಯಾರೂ ಕೇಳಲಿಲ್ಲ ಅಂಕಲ್.
ಮೊಬೈಲು ನೋಡುತ್ತಿದ್ದರು. ಮೂಸಲೂ ಇಲ್ಲ."