ಅಕ್ರೋಟು ಬಣ್ಣದ ಅಂಗಿ

ಮೂವತ್ತೊಂದು ವರುಷ ಉಕ್ಕು ಬೆಸೆದ ಬೆರಳು ಇವು,
ಕಿಡಿಗೆ ಹೆದರಿದ್ದಿಲ್ಲ. ಸೂಜಿಗೆ ಹೆದರಿದವು.
ದಾರ ಪೋಣಿಸಲು ಮೊದಲ ಸಂಜೆ ಹಿಡಿದದ್ದು
ಅರ್ಧ ಗಂಟೆ, ನಾಲ್ಕು ಬೈಗುಳ.
ಆರ್ಲೆಟ್ ಟೀವಿಯ ದನಿ ತಗ್ಗಿಸಿ ನೋಡಿದಳು.
ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅಗಸೆನಾರಿನ ಬಟ್ಟೆ ಆರು ಗಜ.
ಬೇಟೆಯಂಗಿಗೆ ಗುಂಡಿಯಿಲ್ಲ, ಜೇಬಿಲ್ಲ,
ಅಂಚಿನ ಎಳೆ ಬಿಡಿಸಿ ಬಿಡಿಸಿ ಜಾಲರಿ.
"ಯಂತ್ರದ ಹೊಲಿಗೆ ಕಂಡರೆ ಬಾಗಿಲಿಂದಲೇ ವಾಪಸ್ಸು"
ಎಂದಿದ್ದ ಲೈಮನ್ ಕ್ರೇಬಿಲ್,
ಶಿಬಿರದ ಯಜಮಾನ, ಉಳಿದ ದಿನ ಹಲ್ಲಿನ ವೈದ್ಯ.

ಹಿತ್ತಿಲ ಮರದಡಿ ಕೊಳೆತ ಅಕ್ರೋಟು ಸಿಪ್ಪೆ
ಹಂಡೆಗೆ ಹಾಕಿ ಎರಡು ದಿನ ಕುದಿಸಿದೆ.
ಅಂಗಿಗಿಂತ ಮೊದಲು ಅಂಗೈ ಕಂದಾಯಿತು.
ಬ್ಯಾಂಕಿನ ಹುಡುಗಿ ಕೇಳಿದಳು: "ಗ್ರೀಸಾ?"
"ಅಲ್ಲಮ್ಮ, ಸಾವಿರದ ಏಳುನೂರ ಎಪ್ಪತ್ತನಾಲ್ಕು."

ಎತ್ತಿನ ಕೊಂಬನ್ನು ಗಾಜಿನ ಚೂರಲ್ಲಿ ಹೆರೆದೆ,
ದೀಪಕ್ಕೆ ಹಿಡಿದರೆ ಒಳಗಿನ ಮದ್ದು
ನೆರಳಾಗಿ ಜಾರುವುದು ಕಾಣುವಷ್ಟು ತೆಳ್ಳಗೆ.
ಮೇಲೆ ಮಸ್ಕಿಂಗಮ್ ನದಿ ಕೊರೆದೆ.
ಒಂದು ತಿರುವು ತಪ್ಪಿತು.
ನದಿ ತಾನೇ, ಒಂದು ದಿನ ಹಾಗೂ ಹರಿದೀತು ಎಂದು ಬಿಟ್ಟೆ.
ಕೆಡವಿದ ಮನೆಯೊಂದರ ನೀರಿನ ಕೊಳವೆ ಕರಗಿಸಿ
ಸೀಸದ ಗುಂಡು ಎರಕ ಹೊಯ್ದೆ, ನಲವತ್ತು.
ಯಾರ ಯಾರದೋ ಬಾಯಾರಿಕೆ ಹಾದ ಸೀಸ.

ಅಕ್ಟೋಬರ್ ಮೊದಲ ಶುಕ್ರವಾರ, ನದಿದಂಡೆ, ಮಂಜು.
ಲೈಮನ್ ಭೂತಗನ್ನಡಿ ಹಿಡಿದು ನನ್ನ ಸುತ್ತ ಬಂದ,
ಮದುವೆ ಗಂಡನ್ನು ನೋಡುವ ಸೋದರಮಾವನ ಹಾಗೆ.
ಕನ್ನಡಕದ ಚೌಕಟ್ಟು ಸರಿ. ಸೊಂಟದ ಪಟ್ಟಿ ಸರಿ. ಚಮಚ ಸರಿ.
ನನ್ನ ಬಲಮಂಡಿಯೊಳಗಿನ ಟೈಟೇನಿಯಂ
ಅವನ ಗಾಜಿಗೆ ಬೀಳಲಿಲ್ಲ.

ಮಧ್ಯಾಹ್ನ ಗುರಿಯ ಪಂದ್ಯ.
ಅಳೆದ ಮದ್ದು, ಕೊಬ್ಬು ಸವರಿದ ಬಟ್ಟೆತುಂಡು, ಗುಂಡು,
ಗಜ ಹಾಕಿ ಕೂರಿಸಿ, ಕಿವಿಗೆ ಚಿಟಿಕೆ ಮದ್ದು,
ಕುದುರೆ ಎಳೆದು, ಉಸಿರು ಕಟ್ಟಿ
ಒತ್ತಿದೆ.
ಚಕಮಕಿ ಕಲ್ಲು ಹೊತ್ತಿಸಿತು, ಕಿವಿಯ ಮದ್ದು ಭಗ್ಗೆಂದಿತು,
ನಳಿಗೆ ಮಾತಾಡಲಿಲ್ಲ.
ಹನ್ನೊಂದು ತಿಂಗಳ ಸಿದ್ಧತೆಗೆ ಒಂದು ತುತ್ತು ಹೊಗೆ,
ಸುಟ್ಟ ಹುಬ್ಬು.
ಮಕ್ಕಳು ಚಪ್ಪಾಳೆ ತಟ್ಟಿದರು, ಪಾಪ, ಅದೇ ಆಟವೆಂದು.

ನೋಡಲು ಬಂದವರಲ್ಲಿ ಒಬ್ಬಾಕೆ ಹೋಗದೆ ನಿಂತಳು.
ವರ್ನಾ ಡಾಗರ್ಟಿ, ಓಕ್ಲಹೋಮಾದಿಂದ, ಶಾನಿ ಮಂದಿ.
ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಾಲಿನ ಮೇಲೆ.
"ಈ ಮೊಕಾಸಿನ್ ಯಾರು ಕಲಿಸಿದ್ದು?"
ಕಾಗದದ ನಕಾಶೆ, ಹನ್ನೆರಡು ಡಾಲರ್, ಎಂದೆ.
"ಮೂಗಿನ ನೆರಿಗೆ ತಪ್ಪಿದೆ. ನಮ್ಮಜ್ಜಿ ನೋಡಿದ್ದರೆ ಬಿಚ್ಚಿಸುತ್ತಿದ್ದಳು."
ಆಮೇಲೆ ಬಾಗಿಲ ಹಲಗೆ ಓದಿದಳು, ಅಕ್ಷರ ಅಕ್ಷರವಾಗಿ:
ಗ ಡಿ ನಾ ಡಿ ನ  ದಿ ನ ಗ ಳು.
"ಗಡಿ ನಿಮಗೆ," ಅಂದಳು,
"ನಮಗಿದು ನಡುಮನೆ."
ಸಿಟ್ಟಿರಲಿಲ್ಲ. ಬಿಟ್ಟು ಬಂದ ಪಾತ್ರೆ
ಎಲ್ಲಿಟ್ಟಿದ್ದೆ ಎಂದು ನೆನೆಯುವವರ ದನಿ.
ನನ್ನ ಬಳಿ ಉತ್ತರವಿರಲಿಲ್ಲ. ಕಾಫಿಯಿತ್ತು.
ಕುಡಿದಳು, ನೆರಿಗೆ ಹಿಡಿಯುವುದನ್ನು
ಹೆಬ್ಬೆರಳಲ್ಲಿ ಒತ್ತಿ ತೋರಿಸಿ ಹೋದಳು.

ರಾತ್ರಿ ಬೆಂಕಿಯ ಪಕ್ಕ ಬಲಗಾಲಿನದು ಬಿಚ್ಚಿದೆ.
ಕಂಬಳಿ ಸಾಲದೆ ಅಂಗಿಯ ಕೊರಳು ಮೇಲೆಳೆದಾಗ
ಬೆರಳಿಗೆ ಸಿಕ್ಕಿತು, ಕಾಲರಿನ ಒಳಮಗ್ಗುಲಲ್ಲಿ
ಒಂದಂಗುಲ, ಇರುವೆಸಾಲಿನಷ್ಟು ನೇರ,
ಯಂತ್ರದ ಹೊಲಿಗೆ.
ನಾನು ಹರಿದು, ಬೈದು, ಎಸೆದು ಮಲಗಿದ ಜಾಗ ಅದು,
ಮಾರ್ಚಿಯಲ್ಲಿ.
ಬೆಳಗೆದ್ದು ನೋಡಿದಾಗ ತಾನೇ ಕೂಡಿಕೊಂಡಂತಿತ್ತು,
ನನ್ನ ಕೈಗುಣ ಅಂದುಕೊಂಡಿದ್ದೆ.

ಮೊಕಾಸಿನ್ ಇನ್ನೂ ಬಿಚ್ಚಿಕೊಂಡೇ ಬಿದ್ದಿದೆ.
ಇದನ್ನು ಮಾತ್ರ ಮುಟ್ಟಲಿಲ್ಲ.