ಬಾಗಿಲ ಸದ್ದು

ಈ ಮನೆ ಕಡಲ ಮೇಲೆ ತೇಲಿ ಬಂದದ್ದು ಎಂದರೆ
ಬಂದವರು ಉಪಮೆ ಅಂದುಕೊಳ್ಳುತ್ತಾರೆ.
ಅಲ್ಲ. ಆರು ದೋಣಿ, ನಲವತ್ತು ಖಾಲಿ ಪೀಪಾಯಿ.
ದ್ವೀಪದ ಶಾಲೆ ಮುಚ್ಚಿ, ಕೈಗಿಷ್ಟು ದುಡ್ಡಿಟ್ಟು
ಎದ್ದು ಹೊರಡಿ ಎಂದಿತು ಸರ್ಕಾರ;
ಅಪ್ಪ ಮನೆಯನ್ನೇ ಕಟ್ಟಿಕೊಂಡು ಹೊರಟ.
ಅಮ್ಮ ಒಲೆ ಆರಿಸಲಿಲ್ಲ.
ನಾನು ಹಿಂದಿನ ದೋಣಿಯಲ್ಲಿ, ಚೀಲದಲ್ಲಿ ಬೆಕ್ಕು,
ನಮ್ಮ ಕಿಟಕಿಗಳು ನಮ್ಮನ್ನು ಬಿಟ್ಟು
ಹೊಗೆಯಾಡುತ್ತ ಮುಂದೆ ಹೋಗುವುದನ್ನು ನೋಡುತ್ತ.

ಈಗಿದು ಕಲಾವಿದರ ಮನೆ. ಹಿತ್ತಾಳೆ ಫಲಕವಿದೆ.
ನ್ಯೂಫೌಂಡ್‌ಲ್ಯಾಂಡಿನ ನಕಾಶೆಯಲ್ಲಿ ಒಂದು ಚುಕ್ಕಿಯೂ ಇದೆ.
ಬೀಗದಕೈ ನನ್ನದು, ವಾರಕ್ಕೆರಡು ದಿನದ ಸಂಬಳಕ್ಕೆ.
ಅಪ್ಪ ಕಾಡ್ ಮೀನಿಗೆ ಉಪ್ಪು ಹಚ್ಚುತ್ತಿದ್ದ ಶೆಡ್ಡಿನಲ್ಲಿ
ಚಿತ್ರ ಬರೆಯುತ್ತಾರೆ. ನೆಲ ಇನ್ನೂ ಉಪ್ಪು ಕಾರುತ್ತದೆ;
ಒಬ್ಬನ ಜಲವರ್ಣದ ಅಂಚೆಲ್ಲ ಬೆಳ್ಳಗೆ ಒಡೆಯಿತು,
ಅವನು ಅದಕ್ಕೊಂದು ಹೆಸರಿಟ್ಟು ಮಾರಿಕೊಂಡ.

ಆರಾರು ವಾರಕ್ಕೆ ಬರುತ್ತಾರೆ.
ಎಲ್ಲರೂ ಕಡಲನ್ನೇ ಬರೆಯುತ್ತಾರೆ.
ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ನೀರು ನಿಂತ ಗೆರೆ,
ಕೇಳಿದವರಿಲ್ಲ. ನಾನೂ ಹೇಳುವುದಿಲ್ಲ,
ಕೇಳದೆ ಹೇಳಿದರೆ ಅದು ಕೆಲಸದವಳ ಮಾತು.

ಹೋದ ಚಳಿಗಾಲ ಇಂಗ್ರಿಡಾ ಬಂದಳು,
ವಿಲ್ನಿಯಸ್ಸಿನಿಂದ, ಕಾದಂಬರಿ ಬರೆಯಲು.
ಒಂದು ಸಾಲೂ ಇಳಿಯಲಿಲ್ಲ.
ಮೂರನೇ ವಾರ ಉಜ್ಜುಗೊರಡು ಇದೆಯಾ ಅಂದಳು.
ಅಪ್ಪನದನ್ನು ಕೊಟ್ಟೆ.
ಕೊಲ್ಲಿಯ ನೀರು ಕುಡಿದು ಊದಿ
ಅರವತ್ತು ವರ್ಷ ಚೌಕಟ್ಟನ್ನು ಕಚ್ಚಿಕೊಂಡಿದ್ದ ಮುಂಬಾಗಿಲನ್ನು
ಕಳಚಿ, ಅಡುಗೆಮನೆ ಮೇಜಿನ ಮೇಲೆ ಮಲಗಿಸಿ
ನಾಲ್ಕು ದಿನ ಹೆರೆದಳು.
ಸಿಪ್ಪೆ ಒಲೆಗೆ ಹಾಕಿದರೆ ನೀಲಿ ಉರಿ.
ಅತಿಥಿ ಪುಸ್ತಕದಲ್ಲಿ ಬರೆದದ್ದು ಇಷ್ಟು:
‘ಬಾಗಿಲು ಸರಿಯಾಯಿತು. ಕ್ಷಮಿಸಿ.’

ಕ್ಷಮಿಸಿ ಯಾಕೆಂದು ಆಗ ಹೊಳೆಯಲಿಲ್ಲ.

ಒಂದೇ ಸಲ ಕರ್ರೆಂದರೆ ಅಪ್ಪ.
ಎರಡು ಸಲ ಒದ್ದರೆ ಅಣ್ಣ, ಲಿಯಾಂಡರ್.
ಅಮ್ಮ ಒಲೆಯ ಕಡೆಯಿಂದ ತಿರುಗದೆಯೇ
ಅವರವರ ತಟ್ಟೆ ಇಡುತ್ತಿದ್ದಳು.
ಬಾಗಿಲು ಒಂದೇ ಸಲ ಕರ್ರೆಂದ ರಾತ್ರಿಯೂ
ಇಟ್ಟಳು, ಎರಡು.

ಈಗ ಬೆರಳು ತಾಗಿದರೆ ಸಾಕು, ತೆರೆಯುತ್ತದೆ.
ನಿನ್ನೆ ಹೊದಿಕೆ ಬದಲಿಸುತ್ತಿದ್ದೆ, ಹಿಂದೆ ಯಾರೋ ಬಂದಂತಾಯಿತು.
ಗಾಳಿ.
ಇಷ್ಟು ಮೆಲ್ಲಗೆ ಈ ಮನೆಗೆ ಯಾರೂ ಬಂದದ್ದಿಲ್ಲ.

ಗುರುವಾರ ಸಂಗೀತ ಬರೆಯುವವನೊಬ್ಬ ಬರುತ್ತಾನೆ.
ಸೌದೆ ಒಳಗಿಟ್ಟೆ, ಚಹಾ ಡಬ್ಬಿ ತುಂಬಿಸಿದೆ.
ಅವನಿಗೆ ಸದ್ದಿಲ್ಲದ ಮನೆ ಬೇಕಂತೆ.