ಷರಾ

ದೀಪಾವಳಿ ಪಟಾಕಿಯ ಕೆಂಪು ಕಾಗದ ಇನ್ನೂ
ಹೈಸ್ಕೂಲ್ ಮೈದಾನದ ಗೋಡೆಗುಂಟ ಹಾರಾಡುವಾಗಲೇ
ಅವರ ಲಾರಿ ಬರುತ್ತದೆ.
ಬಿದಿರು ಗಳ, ನೀಲಿ ತಾಡಪಾಲು,
ಹಗ್ಗ ಬಿಗಿದ ಮೂಟೆಗಳ ಮೇಲೆ ಕೂತು ಬಂದ
ಒಂದು ಪ್ರೆಶರ್ ಕುಕ್ಕರು.
ರಸೀದಿ ಪುಸ್ತಕ ಕಂಕುಳಲ್ಲಿಟ್ಟು ನಾನು ಹೋಗುತ್ತೇನೆ.
ನೆಲಬಾಡಿಗೆ ವಸೂಲಿ ನನ್ನ ಕೆಲಸ,
ಹತ್ತೊಂಬತ್ತು ಮಾಗಿಯಿಂದ.

ಹೆಸರು, ಅಳತೆ, ದಿನ, ಮೊಬಲಗು.
ಐದನೆಯ ಕಲಮು ಬಾಬ್ತು: ಯಾವ ಬಗೆಯವರು.
ಆಮೇಲೆ ಬೆರಳಗಲದ ಷರಾ, ಯಾರೂ ಬರೆಯದ್ದು.
ಹಣ್ಣಿನವರು, ಬಳೆಯವರು, ಸರ್ಕಸ್ಸಿನವರು,
ಎಲ್ಲರಿಗೂ ಒಂದೊಂದು ಪದ ಸಿಕ್ಕಿದೆ.
ಇವರ ಮುಂದೆ ಪೆನ್ನು ನಿಲ್ಲುತ್ತದೆ.
ಸ್ವೆಟರಿನವರು ಅಂತ ಬರೀರಿ, ಸಾಕು, ಅಂದರು ಸಾಹೇಬರು.
ಅದು ಸರಕಿನ ಹೆಸರು, ಸಾರ್. ಕಾಲಿನದಲ್ಲ.

ಒಂದು ವರ್ಷ ಗುಳೆ ಎಂದು ಬರೆದೆ. ಹೊಡೆದು ಹಾಕಿದೆ.
ಅದು ನನ್ನವ್ವನ ಪದ.
ಜಗಳೂರು ಸೀಮೆಯಿಂದ ಕಾಫಿ ತೋಟಕ್ಕೆ
ಮಡಕೆ ಮಗುಚಿಟ್ಟು ನಡೆದವಳದು;
ಆಡಿದರೆ ಈಗಲೂ ನಾಲಿಗೆಗೆ
ಖಾಲಿ ತಪ್ಪಲೆಯ ಸದ್ದು ತಾಗುತ್ತದೆ.

ಅಲೆಮಾರಿ ಅನ್ನಲೇ? ಇವರು ಅಲೆಯುವುದಿಲ್ಲ.
ಅದೇ ಬೇವಿನ ಮರ, ಅದೇ ಗೂಟದ ಕುಳಿ,
ವರ್ಷವಿಡೀ ಮಣ್ಣು ತುಂಬಿದ್ದನ್ನು
ಹಿಮ್ಮಡಿಯಲ್ಲಿ ತಡವಿ ಕಂಡುಹಿಡಿಯುತ್ತಾರೆ.
ಪ್ರವಾಸಿ? ಪ್ರವಾಸಿ ಫೋಟೊ ಹಿಡಿಯುತ್ತಾನೆ,
ಚೌಕಾಶಿಗೆ ಕೂತು ಊಟ ಬಿಡುವುದಿಲ್ಲ.
ಕೊಯ್ದ ಗದ್ದೆಯಲ್ಲಿ ಕುರಿ ತರುಬಲು
ಭದ್ರಾ ನಾಲೆಯ ಕಡೆ ಇಳಿವವರಿಗೂ ಒಂದು ಮಾತಿದೆ,
ಅದಕ್ಕೆ ಹಿಂಡಿನ ವಾಸನೆ. ಹೊಂದಲಿಲ್ಲ.

ಹಾಲಸ್ವಾಮಿ ಮೇಷ್ಟ್ರು ಕೊಂಡಜ್ಜಿ ಕೆರೆಗೆ ಕರೆದೊಯ್ದು
ದುರ್ಬೀನು ಕೊಟ್ಟರು.
ನೆತ್ತಿಗೆ ಎರಡು ಕಪ್ಪು ಪಟ್ಟೆ ಎಳೆದುಕೊಂಡ ಹೆಬ್ಬಾತು.
"ಇವೂ ಹಿಮದ ಕಡೆಯವೇ. ವಲಸೆ ಹಕ್ಕಿ ಅಂತೀವಿ."
ಒಳ್ಳೆಯ ಪದ. ಆದರೆ ಹಕ್ಕಿ
ಕಡಲೆ ಹೊಲ ಮೇದು ಎದ್ದುಹೋಗುತ್ತದೆ,
ರಸೀದಿಗೆ ಸಹಿ ಹಾಕುವುದಿಲ್ಲ,
ನಮ್ಮ ಬಿಸಿಲಿಗೆ ಬಂದು ಕೂತು
ನಮಗೇ ಚಳಿ ಮಾರುವುದಿಲ್ಲ.

ಹೌದು, ಅದೊಂದು ತಮಾಷೆ.
ಈ ಊರಿನ ಚಳಿ ಎಂದರೆ
ಮಂಡಕ್ಕಿ ಭಟ್ಟಿಯ ಹೊಗೆ ಬೆಳಗಿನ ಜಾವ
ಮೇಲೇಳಲು ಸೋಮಾರಿಯಾಗುವುದು, ಅಷ್ಟೇ.
ಹತ್ತು ಗಂಟೆಗೆಲ್ಲ ಬೆನ್ನು ಬೆವರು.
ಆದರೂ ಕೊಳ್ಳುತ್ತೇವೆ: ಮಂಕಿಟೋಪಿ, ಮಫ್ಲರು,
ಎದೆಯ ಮೇಲೆ ಜಿಂಕೆ ಓಡುವ ಸ್ವೆಟರು.

ಕೊನೆಗೆ ಯಾಂಗ್‌ಜೋಮಮ್ಮನನ್ನೇ ಕೇಳಿದೆ.
ಅವಳದು ಅಂಗಡಿ ಕನ್ನಡ,
ಅಂಕಿ ಇದೆ, ಬಣ್ಣ ಇದೆ, "ಲಾಸ್ ಆಗುತ್ತೆ" ಇದೆ.
"ನಿಮ್ಮಂಥವರಿಗೆ ಏನಂತ ಬರಕೊಳ್ಳಲಿ?"
ಮೊಣಕಾಲ ಮೇಲೆ ಸ್ವೆಟರು ಮಡಚುತ್ತಿದ್ದಳು.
"ಬೇಸಿಗೆ ನೀನು ಎಲ್ಲಿ ಹೋಗ್ತೀಯ?"
"ಎಲ್ಲಿಗೂ ಇಲ್ಲ."
"ಏಪ್ರಿಲ್? ಮೇ?"
"ಇಲ್ಲೇ."
"ಬಿಸಿ ಇಲ್ವಾ?"
"ಐತಿ."
ತೋಳಿನ ಮೇಲೆ ತೋಳಿಟ್ಟು ಸ್ವೆಟರು ಸುಮ್ಮನಾಯಿತು.
"ಹಂಗೆ ಇರೋರಿಗೆ ಏನು ಹೆಸರು?"

ಗಾಂಧಿ ಸರ್ಕಲ್ಲಿನವರೆಗೂ ಯೋಚಿಸಿದೆ.

ಈ ಸಲ ತಡವಾಯಿತು. ಕಾರ್ತಿಕ ಮುಗಿಯಿತು.
ಬೇವಿನ ಬುಡದಲ್ಲಿ ಹೆಲ್ಮೆಟ್ಟು ಹರಡಲು
ಒಬ್ಬ ಜಾಗ ಕೇಳಿದ.
ಅದು ಆಗೈತಿ, ಎಂದೆ.
ಯಾರಿಗೆ, ಎಂದ.
ಹತ್ತೊಂಬತ್ತು ವರ್ಷದ ಮೇಲೂ
ಕೊಡಲು ನನ್ನಲ್ಲಿ ಪದವಿರಲಿಲ್ಲ,
ಮೇಲೆ ನೋಡಿದೆ, ಆಕಾಶದಲ್ಲಿ ಏನೋ ಹುಡುಕುವವರ ಹಾಗೆ.

ಹನ್ನೊಂದನೆಯ ದಿನ ಬೆಳಿಗ್ಗೆ ನೀಲಿ ತಾಡಪಾಲು.
ಕುಕ್ಕರು ಆಗಲೇ ಎರಡು ಸಲ ಕೂಗಿತ್ತು.
ಬಾಬ್ತು ಖಾಲಿ ಬಿಟ್ಟೆ.
ಷರಾದಲ್ಲಿ ಬರೆದೆ: ಬಂದರು.

ಆಡಿಟಿನ ಹುಡುಗ ಮಂಗಳೂರ ಕಡೆಯವನು,
ಪುಟ ತಿರುವಿ ನಕ್ಕ:
"ದಾವಣಗೆರೆಯಲ್ಲಿ ಬಂದರು ಎಂಥದು ಮಾರಾಯ್ರೆ,
ಕಡಲೆಲ್ಲುಂಟು?"
ನಾನೂ ನಕ್ಕೆ. ತಿದ್ದಲಿಲ್ಲ.
ಕಾರ್ಬನ್ ಎತ್ತಿ ನೋಡಿದರೆ
ಕೆಳಗಿನ ಪ್ರತಿಯಲ್ಲೂ ಅದೇ ಪದ,
ಕೊಂಚ ಮಸುಕಾಗಿ, ಇಳಿದಿತ್ತು.